ಭಾಗವ್ವನ ಎದೆಯ ಮೇಲಿನ ಯಂತ್ರ

ಭಾಗವ್ವ ಮದುವೆಯಾಗಿ ನಾಸಿಕಕ್ಕೆ ಬಂದಿಳಿದ ದಿನ ಅವಳ ಕಂಕುಳಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ಇದ್ದ. ಪಂಚವಟಿಯ ಹಿಂಭಾಗದ ಕೂಲಿಕಾರರ ಸಾಲಿನಲ್ಲಿ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹದಿನೆಂಟರ ಮದುಮಗಳು, ಕೈಯ ಹಸಿರು ಬಳೆ ಒಂದೂ ಒಡೆದಿಲ್ಲ, ಆಗಲೇ ಇಷ್ಟು ದೊಡ್ಡ ಕೂಸು! ಕೂಸು ಅವಳದಲ್ಲ, ತಮ್ಮ ಕಾಶೀನಾಥ. ತಾಯಿ ತೀರಿಕೊಂಡಿದ್ದಳು, ಅಪ್ಪ ಇನ್ನೊಂದು ಮದುವೆಗೆ ಸಜ್ಜಾಗಿದ್ದ. ಆಳಂದದ ಹತ್ತಿರದ ಹಳ್ಳಿಯಲ್ಲಿ, ಹಂದರದ ಕೆಳಗೆ ಕೂತವಳು ತಲೆ ಎತ್ತಿ, "ಈ ಕೂಸ ನನ್ನ ಜೋಡಿ ಬರ್ತದ. ಒಪ್ಪಿಗಿ ಇದ್ರ ತಾಳಿ ಕಟ್ರಿ, ಇಲ್ಲಾಂದ್ರ ಎದ್ದು ಹೋಗ್ರಿ" ಅಂದಳಂತೆ. ಮದುಮಗ ರೇವಪ್ಪ ನಕ್ಕು ತಾಳಿ ಕಟ್ಟಿದ. ಅವಳಿಗೆ ಮುಂದೆ ಮಕ್ಕಳಾಗಲಿಲ್ಲ. ಕಾಶೀನಾಥನೇ ತಮ್ಮನೂ ಆದ, ಮಗನೂ ಆದ.

ಇದನ್ನು ಹೇಳುತ್ತಿರುವ ನಾನು ವೈಜನಾಥ. ಭಾಲ್ಕಿ ಕಡೆಯವನು. ಛತ್ರಪತಿ ಸಂಭಾಜಿನಗರದ ಒಂದು ವೈದ್ಯಕೀಯ ಕಾಲೇಜಿನ ಎದೆರೋಗ ವಿಭಾಗದಲ್ಲಿ ಇಪ್ಪತ್ತಮೂರು ವರ್ಷದಿಂದ ಸಹಾಯಕನಾಗಿದ್ದೇನೆ. ಸಹಾಯಕ ಎಂದರೆ ಎಕ್ಸ್‌-ರೇ ಫಿಲ್ಮು ಹೊರುವುದು, ಫಾರ್ಮು ತುಂಬುವುದು, ನಮ್ಮ ಕಡೆಯ ಕೂಲಿಗಳು ಬಂದರೆ ಡಾಕ್ಟರ ಮರಾಠಿಯನ್ನು ಕನ್ನಡ ಮಾಡಿ ಹೇಳುವುದು. ಹೆಂಡತಿ ಪಾರ್ವತಿಬಾಯಿ ನನ್ನನ್ನು 'ಅರ್ಧ ಡಾಕ್ಟರು' ಎಂದು ಚೇಷ್ಟೆ ಮಾಡುತ್ತಿದ್ದಳು. ಭಾಗವ್ವನ ವಿಷಯದಲ್ಲಿ ನಾನು ಮಾಡಿದ್ದನ್ನೆಲ್ಲ ಹೇಳಿಕೊಂಡ ಮೇಲೆ ಆ ಮಾತು ಬಿಟ್ಟುಬಿಟ್ಟಳು.

ರೇವಪ್ಪ ಕಲ್ಲು ಕೊಯ್ಯುವವನು. ದಿಂಡೋರಿ ರಸ್ತೆಯ ಕಡೆ ಶಶಿಕಾಂತ ಶೇಠ್ ಎಂಬ ಕಂತ್ರಾಟುದಾರನ ಕಲ್ಲಿನ ಅಂಗಳವಿತ್ತು. ಮೇಲೆ ತಗಡು, ಮೂರು ಕಡೆ ಗೋಣಿಯ ಪರದೆ. ರಾಜಸ್ಥಾನದಿಂದ ಬಂದ ಕೆಂಪುಕಲ್ಲನ್ನು ಅಲ್ಲಿ ಕೈಕಟರಿನಿಂದ ಅಳತೆಗೆ ಕೊಯ್ದು, ಬಾಗಿಲಿನ ಕಮಾನು, ಮೆಟ್ಟಿಲು, ಕಟಕಟೆಗಳನ್ನು ಮಾಡಿ ಲಾರಿಗೆ ಹೇರುತ್ತಿದ್ದರು. ಕಟರಿನ ಚಕ್ರ ಕಲ್ಲಿಗೆ ತಾಗಿದರೆ ಸಾಕು, ಧೂಳು ಎದ್ದು ಆಳು ಆಳಿಗೆ ಕಾಣುತ್ತಿರಲಿಲ್ಲ. ಹದಿಮೂರು ವರ್ಷ ಆ ಕೆಲಸ ಮಾಡಿದ ರೇವಪ್ಪನಿಗೆ ಕೆಮ್ಮು ಶುರುವಾಯಿತು. ಟಿ.ಬಿ. ಎಂದರು. ಕಫದಲ್ಲಿ ಒಂದು ಸಲವೂ ಟಿ.ಬಿ.ಯ ರೋಗಾಣು ಕಾಣಲಿಲ್ಲ, ಆದರೂ ಟಿ.ಬಿ.ಯೇ ಎಂದರು. ಮೂರು ಸಲ ಮಾತ್ರೆ ಕೊಟ್ಟರು. ಮೂರನೇ ಸಲದ ಮಾತ್ರೆ ಮುಗಿಯುವ ಮೊದಲೇ ರೇವಪ್ಪ ಮುಗಿದ. ಅವನು ಹೋದ ಮೂರನೇ ತಿಂಗಳಿಗೆ, ಹತ್ತೊಂಬತ್ತು ವರ್ಷದ ಕಾಶೀನಾಥ ಹೋಗಿ ಅದೇ ಕಟರು ಹಿಡಿದು ನಿಂತ.

ಭಾಗವ್ವ ಬೈದಳು, ಅತ್ತಳು, ಎರಡು ದಿನ ಒಲೆ ಹೊತ್ತಿಸಲಿಲ್ಲ. ಹುಡುಗ ಕೇಳಲಿಲ್ಲ. "ಅಕ್ಕಾ, ಮಾವನ ಬಾಜೂಕ ಕುಂತು ಕಲ್ತಿದ್ದು ಇದೊಂದೇ ಕೆಲಸ. ಬ್ಯಾರೇ ಏನ್ ಮಾಡ್ಲಿ?" ಎಂದ. ಸರಿ, ಅವನು ಬಿಡದಿದ್ದರೆ ನಾನೇ ಹೋಗುತ್ತೇನೆಂದು ಅವಳೂ ಅದೇ ಅಂಗಳಕ್ಕೆ ಕೂಲಿಗೆ ಸೇರಿದಳು. ಅವನು ಕೊಯ್ಯುವಾಗ ಕಲ್ಲು ಅಲುಗದಂತೆ ಇನ್ನೊಂದು ತುದಿ ಹಿಡಿಯುವುದು, ಕೊಯ್ದಾದ ಮೇಲೆ ಪುಡಿ ಗುಡಿಸಿ ಆಚೆ ಹಾಕುವುದು ಅವಳ ಕೆಲಸ. ನಿಜವಾದ ಕೆಲಸ ಬೇರೆಯೇ ಇತ್ತು: ತಮ್ಮನ ಮೂಗಿಗೆ ಕಟ್ಟಿದ ಅರಿವೆ ಸಡಿಲಾದರೆ ಎದ್ದು ಹೋಗಿ ಬಿಗಿಯಾಗಿ ಕಟ್ಟುವುದು. ಒಂಬತ್ತು ವರ್ಷ ಹಾಗೆ ಕಟ್ಟಿದಳು. ಅರಿವೆಯಿಂದ ಆ ಧೂಳು ನಿಲ್ಲುವುದಿಲ್ಲ ಎಂಬುದು ಅವಳಿಗೆ ತಿಳಿದಿರಲಿಲ್ಲ.

ನಮಗೆ ಅದು ತಿಳಿದಿತ್ತು. ನಮ್ಮ ಡಾಕ್ಟರ್ ಉಮಾಶ್ರೀ ಅದರ ಮೇಲೆಯೇ ಸಂಶೋಧನೆಗೆ ಕೈಹಾಕಿದ್ದರು. ಬೀದರ ಮೂಲದ ಮನೆತನ, ಹುಟ್ಟಿ ಬೆಳೆದದ್ದು ಸಂಭಾಜಿನಗರದಲ್ಲಿ. ಕನ್ನಡ ಎಲ್ಲ ತಿಳಿಯುತ್ತದೆ, ಮಾತಾಡಲು ಹೋದರೆ ಎರಡನೇ ಮಾತಿಗೆ ಮರಾಠಿ ಬರುತ್ತದೆ. ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲಿ, ಗಂಟಲಲ್ಲಿ ನಿಲ್ಲುತ್ತದೆ, ಕೆಮ್ಮಿದರೆ ಬರುತ್ತದೆ. ಕಾಣದಷ್ಟು ಸಣ್ಣದಿರುವ ಕಲ್ಲಿನ ಕಣ ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ ಎಂದು ಅವರು ನಮಗೆಲ್ಲ ಪಾಠ ಮಾಡಿದ್ದರು. ಕಲ್ಲು ಕೊಯ್ಯುವವರ ಮೂಗಿನ ಹತ್ತಿರ ಆ ಸಣ್ಣ ಕಣ ದಿನಕ್ಕೆ ಎಷ್ಟು ಹಾಯುತ್ತದೆ, ಅವರ ಎಕ್ಸ್‌-ರೇಯಲ್ಲಿ ಏನು ಕಾಣುತ್ತದೆ, ಎರಡನ್ನೂ ಜೋಡಿಸಿ ನೋಡುವುದು ಅವರ ಕೆಲಸ. ಹಾಗೆ ನಾವು ಎರಡು ವರ್ಷದ ಹಿಂದೆ ಶಶಿಕಾಂತ ಶೇಠನ ಅಂಗಳಕ್ಕೆ ಹೋದೆವು.

ಶೇಠ್ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ. ನಮಗೆ ಕುರ್ಚಿ ಹಾಕಿಸಿದ, ಚಹಾ ತರಿಸಿದ. ಕಟರಿನ ಚಕ್ರದ ಮೇಲೆ ಸಣ್ಣ ನಳಿಗೆಯಿಂದ ನೀರು ಬಿಡುತ್ತ ಕೊಯ್ದರೆ ಧೂಳೇ ಏಳುವುದಿಲ್ಲ ಎಂದು ಡಾಕ್ಟರ್ ಹೇಳಿದಾಗ, ಅದಕ್ಕೆ ನೂರೆಂಟು ಅಡ್ಡಿ ಹೇಳಿದ. ನೀರು ಬಿದ್ದರೆ ಕಲ್ಲಿನ ಮೇಲಿನ ಗುರುತಿನ ಗೆರೆ ಅಳಿಸುತ್ತದೆ, ಕೆಸರಾಗುತ್ತದೆ, ಕರೆಂಟು ಹೊಡೆಯುತ್ತದೆ, ಕುಂಭಮೇಳ ಹತ್ತಿರ ಬಂತು, ಯಾತ್ರಿಕರ ವಸತಿಗೃಹಗಳಿಗೆಲ್ಲ ಕಲ್ಲು ಕೊಡಬೇಕು, ಕೆಲಸ ನಿಧಾನವಾಗುತ್ತದೆ. ಕೊನೆಗೆ, ಎಲ್ಲ ಕೂಲಿಗಳ ಎದುರು, ಒಂದು ಮಾತು ಕೊಟ್ಟ: "ನಿಮ್ಮ ಮಷೀನು ಧೂಳು ಜಾಸ್ತಿ ಅಂತ ಹೇಳಲಿ, ಮಾರನೇ ದಿನ ನೀರು ಹಾಕಿಸುತ್ತೇನೆ."

ಮೂಲೆಯಲ್ಲಿ ಪೊರಕೆ ಹಿಡಿದು ನಿಂತಿದ್ದ ಹೆಂಗಸು ನನ್ನ ಹತ್ತಿರ ಬಂದಳು. ಭಾಗವ್ವನನ್ನು ನಾನು ನೋಡಿದ್ದು ಅದೇ ಮೊದಲು. ಹುಬ್ಬು, ರೆಪ್ಪೆ, ಬರಿಗೈ ಎಲ್ಲ ಕೆಂಪು ಪುಡಿ.

"ಅಣ್ಣಾರ, ನೀವು ನಮ್ಮ ಕಡಿಯವರಿದ್ದೀರಿ. ಶೇಠ್ ಏನಂದ್ರು, ಸರಿಯಾಗಿ ಹೇಳ್ರಿ."

ಹೇಳಿದೆ.

"ಅಂದ್ರ ಮಷೀನ್ ಹೂಂ ಅಂದ್ರ ನನ್ನ ತಮ್ಮನ ಕಟರಿಗಿ ನೀರು ಬರ್ತದ?"

"ಬರ್ತದ ತಂಗಿ."

"ಹಂಗಾರ ಆ ಮಷೀನ್ ನನಗ ಕಟ್ರಿ."

ಕಟ್ಟಬೇಕಾದದ್ದು ಕಾಶೀನಾಥನಿಗೆ. ಆದರೆ ಯಂತ್ರದ ರಬ್ಬರ್ ನಳಿಗೆ ಕಟರಿನ ಚಕ್ರಕ್ಕೆ ಸಿಕ್ಕರೆ ಆಳಿನ ಕೊರಳಿಗೇ ಬರುತ್ತದೆಂದು ಶೇಠ್ ಒಪ್ಪಲಿಲ್ಲ, ಅದು ಸುಳ್ಳೂ ಅಲ್ಲ. ಕಾಶೀನಾಥನ ಎದುರಿಗೆ, ಎರಡು ಮಾರು ದೂರದಲ್ಲಿ ಕಲ್ಲಿನ ತುದಿ ಹಿಡಿದು ಕೂರುವವಳೆಂದು ಭಾಗವ್ವನನ್ನೇ ಆರಿಸಿದೆವು.

ಆ ಯಂತ್ರದ ವಿಷಯ ಹೇಳಬೇಕು. ಸೊಂಟಕ್ಕೆ ಬೆಲ್ಟಿನಲ್ಲಿ ಕಟ್ಟುವ ಒಂದು ಸಣ್ಣ ಪಂಪು. ಅದರಿಂದ ಒಂದು ನಳಿಗೆ ಬೆನ್ನ ಮೇಲಿಂದ ಹೆಗಲಿಗೆ ಬಂದು ಎದೆಯ ಮೇಲೆ, ಕೊರಳಿಗೆ ಸಮೀಪ, ಒಂದು ಪುಟ್ಟ ಡಬ್ಬಿಗೆ ಸೇರುತ್ತದೆ. ಡಬ್ಬಿಯೊಳಗೆ ನಾಣ್ಯದಷ್ಟಗಲದ ಬಿಳಿ ಹಾಳೆ. ಮನುಷ್ಯ ಉಸಿರೆಳೆಯುವ ಗಾಳಿಯನ್ನೇ ಪಂಪೂ ಎಳೆಯುತ್ತದೆ, ಧೂಳು ಹಾಳೆಯ ಮೇಲೆ ಕೂರುತ್ತದೆ. ಕಟ್ಟುವ ಮೊದಲೊಮ್ಮೆ, ಬಿಚ್ಚಿದ ಮೇಲೊಮ್ಮೆ ಹಾಳೆಯನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿದರೆ ಲೆಕ್ಕ ಸಿಗುತ್ತದೆ. ಡಬ್ಬಿಯ ಬಾಯಿ ತೆರೆದಿರಬೇಕು, ಅದರ ಮೇಲೆ ಬಟ್ಟೆ ಬೀಳಬಾರದು ಎಂದು ಫಾರ್ಮಿನ ಎರಡನೇ ಪುಟದಲ್ಲಿ ಮರಾಠಿಯಲ್ಲಿ ಅಚ್ಚಾಗಿತ್ತು. ನಾನು ಮೊದಲ ಪುಟ ಓದಿ ಹೇಳಿ ಸಹಿ ಮಾಡಿಸಿಕೊಂಡೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ನಾನು. ಎರಡನೇ ಪುಟದ ಬದಲು ಅವಳಿಗೆ ನಾನು ಹೇಳಿದ್ದು ಇಷ್ಟೇ: "ಭಾಳ ದುಬಾರಿ ಸಾಮಾನ ತಂಗಿ. ಜೋಪಾನ. ಕೆಡಬಾರದು, ಬೀಳಬಾರದು. ಹ್ಯಾಂಗ ಕೊಟ್ಟೀನೋ ಹಂಗ ಸಂಜೀಕ ವಾಪಸ್ ಕೊಡಬೇಕು."

ಪ್ರತಿ ತಾಸಿಗೊಮ್ಮೆ ಹತ್ತಿರ ಹೋಗಿ ಯಂತ್ರವನ್ನು ನೋಡಿ, ಫಾರ್ಮಿನಲ್ಲಿ ಸರಿ ಎಂದು ಗುರುತು ಹಾಕುವುದು ನನ್ನ ಕರ್ತವ್ಯ. ಮೊದಲ ಸಲ ಒಳಗೆ ಹೋದೆ. ಎರಡು ನಿಮಿಷಕ್ಕೆ ಕಣ್ಣು ಉರಿ, ಗಂಟಲು ಕೆರೆತ. ಹೊರಗೆ ಬಂದು ರಸ್ತೆಯಾಚೆಯ ಚಹಾದಂಗಡಿಯ ಬೆಂಚಿನ ಮೇಲೆ ಕೂತೆ. ಅಲ್ಲಿಂದಲೇ ಏಳು ಗುರುತು ಹಾಕಿದೆ. ಆ ಹೆಂಗಸು ಎಂಟು ವರ್ಷ ಉಸಿರಾಡಿದ ಜಾಗದಲ್ಲಿ ನನಗೆ ಹತ್ತು ನಿಮಿಷ ನಿಲ್ಲಲಾಗಲಿಲ್ಲ, ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಸಂಜೆ ಯಂತ್ರ ಬಿಚ್ಚಿಕೊಂಡೆ. ಬೇರೆ ಕಡೆ ಕಟ್ಟಿದವು ಒಲೆಯ ಬೂದಿಯಿಂದ ತೆಗೆದಂತೆ ಬರುತ್ತಿದ್ದವು. ಭಾಗವ್ವನದು ಬೆಳಿಗ್ಗೆ ಕೊಟ್ಟ ಹಾಗೇ ಇತ್ತು. "ಎಷ್ಟು ಚೊಕ್ಕ ಇಟ್ಟೀಯವ್ವ! ನಿನ್ನಂಥವರು ನಾಕು ಮಂದಿ ಇದ್ರ ನನ್ನ ಕೆಲಸ ಹಗೂರ" ಎಂದು ಹೊಗಳಿದೆ. ಅವಳಿಗೆ ಬಹಳ ಸಂತೋಷವಾಯಿತು. ತಮ್ಮನನ್ನು ಕರೆದು ನನ್ನ ಮಾತನ್ನು ಅವನಿಗೂ ಹೇಳಿದಳು.

ಹದಿನೈದು ದಿನಕ್ಕೆ ಲೆಕ್ಕ ಬಂತು. ಧೂಳು ಮಿತಿಯೊಳಗಿತ್ತು. ಉಮಾಶ್ರೀಯವರಿಗೆ ನಂಬಿಕೆಯಾಗಲಿಲ್ಲ. "ವೈಜನಾಥಕಾಕಾ, ನೀವು ತಿಥೇಚ, ಅಲ್ಲೇ ಇದ್ರಿ ನಾ? ಪೂರ್ತಿ ದಿವಸ?" ಎಂದು ಕೇಳಿದರು. "ಇದ್ದೆ ಮೇಡಂ" ಎಂದೆ. ನನ್ನ ಎಂಟು ಗುರುತುಗಳನ್ನು ನೋಡಿ ಅವರು ಸುಮ್ಮನಾದರು. ಶೇಠ್ ಆ ಕಾಗದದ ಪ್ರತಿಯನ್ನು ಕೇಳಿ ಪಡೆದು ಆಫೀಸಿನ ಗೋಡೆಗೆ ಅಂಟಿಸಿದ. ನೀರಿನ ಮಾತು ಅಲ್ಲಿಗೆ ಮುಗಿಯಿತು.

ಸುದ್ದಿಯನ್ನು ಭಾಗವ್ವನಿಗೆ ತಿಳಿಸಿದವನೂ ನಾನೇ.

"ಮಷೀನ್ ಇಲ್ಲ ಅಂತಾ?" ಎಂದಳು.

"ಹೂಂ. ಧೂಳ ಕಮ್ಮಿ ಅದ ಅಂತದ."

ಅವಳು ನನ್ನ ಮುಖ ನೋಡುತ್ತ ನಿಂತಳು. "ಹಂಗಾರ ನನ್ನ ಗಂಡಗ ಯಾತರಿಂದ ಬಂತ್ರಿ, ಅಣ್ಣಾರ?"

ಕಟರು ಮತ್ತೆ ಶುರುವಾಯಿತು, ಅವಳು ಹೋಗಿ ಕಲ್ಲಿನ ತುದಿ ಹಿಡಿದು ಕೂತಳು.

ಮಳೆಗಾಲದ ಹೊತ್ತಿಗೆ ಶೇಠ್ ಕೆಲಸವನ್ನು ಸಂಭಾಜಿನಗರ ಜಿಲ್ಲೆಯ 'ಕನ್ನಡ' ಎಂಬ ಹೆಸರಿನ ಊರಿಗೆ ವರ್ಗ ಮಾಡಿದ. ಅಲ್ಲಿ ಮದುವೆಗಳ ಮಂಗಲ ಕಾರ್ಯಾಲಯವೊಂದನ್ನು ಕಟ್ಟುವ ಗುತ್ತಿಗೆ ಹಿಡಿದಿದ್ದ. ಕಾಶೀನಾಥ, ಭಾಗವ್ವ ಗಂಟುಮೂಟೆ ಕಟ್ಟಿಕೊಂಡು ಎಸ್.ಟಿ. ಬಸ್ಸು ಹತ್ತಿ ಬಂದರು. "ಊರ ಹೆಸರು ಕನ್ನಡ ಅಂದ್ರಿ, ನಾ ಖುಷಿ ಆದೆ. ಬಂದು ನೋಡಿದ್ರ ಉಪ್ಪು ಬೇಕಂದ್ರೂ ಮರಾಠಿನೇ" ಎಂದು ಫೋನಿನಲ್ಲಿ ನಕ್ಕಿದ್ದಳು. ಅವಳು ನಕ್ಕದ್ದನ್ನು ನಾನು ಕೇಳಿದ್ದು ಆ ವರ್ಷ ಅದೊಂದೇ ಸಲ. ಮುಂದಿನ ಫೋನು ಬಂದಾಗ ಕಾಶೀನಾಥನಿಗೆ ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

ಇಬ್ಬರನ್ನೂ ಸಂಭಾಜಿನಗರಕ್ಕೆ ಕರೆಸಿಕೊಂಡೆ. ಉಮಾಶ್ರೀ ಅವನ ಎಕ್ಸ್‌-ರೇಯನ್ನು ದೀಪದ ಪೆಟ್ಟಿಗೆಗೆ ಹಚ್ಚಿ ಬಹಳ ಹೊತ್ತು ನೋಡಿದರು. ಎರಡೂ ಕಡೆ, ಮೇಲಿನ ಭಾಗದಲ್ಲಿ, ಸಾಬೂದಾನಿ ಚೆಲ್ಲಿದಂತೆ ಬಿಳಿ ಚುಕ್ಕೆ. ವೇಗದ ಮರಾಠಿಯಲ್ಲಿ ನನಗೆ ಹೇಳಿದರು: ಇದು ಟಿ.ಬಿ. ಅಲ್ಲ, ಕಲ್ಲಿನ ಧೂಳಿನ ರೋಗ. ಒಳಗೆ ಹೋದ ಕಲ್ಲಿನ ಕಣ ಹೊರಗೆ ಬರುವುದಿಲ್ಲ, ಗಾಯ ಮಾಯುವುದಿಲ್ಲ. ಇದಕ್ಕೆ ಔಷಧಿ ಇಲ್ಲ. ಧೂಳು ನಿಲ್ಲಿಸಿದರೂ ರೋಗ ಮುಂದೆ ಹೋಗುತ್ತದೆ, ಬಹುಶಃ ನಿಧಾನವಾಗಿ. ಈ ಹುಡುಗನಿಗೆ ಉಳಿದಿರುವುದು ಹೆಚ್ಚು ವರ್ಷವಲ್ಲ. "ಇದೆಲ್ಲ ನೀಟ ತಿಳಿಸಿ ಹೇಳಿ, ಕಾಕಾ. ಲಪವೂ ನಕಾ, ಮುಚ್ಚಿಡಬೇಡಿ" ಎಂದರು.

ಭಾಗವ್ವ ನನ್ನ ಬಾಯಿ ನೋಡುತ್ತಿದ್ದಳು. ಇಪ್ಪತ್ತಮೂರು ವರ್ಷ ನಾಸಿಕದಲ್ಲಿದ್ದರೂ ಅವಳ ಮರಾಠಿ ಸಂತೆಗಷ್ಟೇ ಸಾಲುತ್ತಿತ್ತು. ಕಾಶೀನಾಥ ಅಂಗಿ ಹಾಕಿಕೊಳ್ಳುತ್ತ ಗೋಡೆಯ ಕಡೆ ತಿರುಗಿದ್ದ.

"ಟಿ.ಬಿ. ಅಲ್ಲವ್ವ. ಧೂಳಿಂದ ಬಂದದ್ದು" ಎಂದೆ. "ಧೂಳ ನಿಲ್ಲಬೇಕು. ಅದೇ ದೊಡ್ಡ ಔಷಧ."

"ಧೂಳ ನಿಂತ್ರ ಆರಾಮ ಆಗ್ತದಾ?"

"ಮೊದಲು ಧೂಳ ನಿಲ್ಲಲಿ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ಅವಳು ಅದನ್ನು ಹೂಂ ಎಂದೇ ತೆಗೆದುಕೊಂಡಳು. ಕಟರು ಬಿಡು ಎಂದರೆ ಕಾಶೀನಾಥ ಬಿಡುವವನಲ್ಲ, ಬಿಟ್ಟು ಮಾಡುವುದಕ್ಕೆ ಬೇರೆ ಕೆಲಸವೂ ಇಲ್ಲ. ಹಾಗಾದರೆ ಉಳಿದದ್ದು ನೀರೊಂದೇ. ಹೋಗುವ ಮುನ್ನ ನನ್ನ ತೋಳು ಹಿಡಿದು, "ಅಣ್ಣಾ, ಮಷೀನ್ ಮತ್ತೊಮ್ಮೆ ತರ್ರಿ. ಈ ಸಲ ಹೂಂ ಅಂತದ. ನನಗ ಗೊತ್ತದ" ಎಂದಳು. ಅಣ್ಣಾರ ಎನ್ನುತ್ತಿದ್ದವಳು ಅವತ್ತಿನಿಂದ ಅಣ್ಣಾ ಎನ್ನತೊಡಗಿದಳು.

ಸಂಶೋಧನೆಯಲ್ಲಿ ಚಳಿಗಾಲಕ್ಕೆ ಇನ್ನೊಂದು ಸುತ್ತು ಅಳತೆ ಇತ್ತು. ಕಾರ್ತಿಕದಲ್ಲಿ ಯಂತ್ರದ ಪೆಟ್ಟಿಗೆ ಹೊತ್ತುಕೊಂಡು ಆ ಕನ್ನಡ ಊರಿಗೆ ಹೋದೆ. ಶೇಠ್ ನಕ್ಕು, "ನೋಡಿ, ಮತ್ತೆ ನೋಡಿ. ನನ್ನ ಮಾತು ಮಾತೇ" ಎಂದ. ಈ ಸಲ ಚಹಾದಂಗಡಿ ಹತ್ತಿರದಲ್ಲಿರಲಿಲ್ಲ. ಕಾಶೀನಾಥನನ್ನು ಕಂಡ ಮೇಲೆ ಹುಡುಕುವ ಮನಸ್ಸೂ ಇರಲಿಲ್ಲ. ಗೋಣಿಪರದೆಯ ಒಳಗೆ ಕಲ್ಲಿನ ಮೇಲೆಯೇ ಕೂತೆ. ಭಾಗವ್ವನ ಸೊಂಟಕ್ಕೆ ಪಂಪು ಬಿಗಿದು, ಡಬ್ಬಿಯನ್ನು ಎದೆಯ ಮೇಲೆ ಸೆರಗಿಗೆ ಸಿಕ್ಕಿಸಿದೆ. ಅವಳು ನನ್ನೆದುರೇ ತನ್ನ ಬುತ್ತಿಯ ಗಂಟು ಬಿಚ್ಚಿ, ಒಗೆದು ಮಡಚಿದ ಬಿಳಿ ಅರಿವೆಯೊಂದನ್ನು ತೆಗೆದಳು. ಕಣ್ಣಿಗೊತ್ತಿಕೊಂಡಳು. ಆಮೇಲೆ ಅದನ್ನು ಡಬ್ಬಿಯ ಸುತ್ತ ಎರಡು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕಿದಳು.

ಫಾರ್ಮು ಕೆಳಗಿಟ್ಟು ಎದ್ದೆ.

"ಏನ್ ಮಾಡಾಕತ್ತಿ ತಂಗಿ?"

"ಎದಿ ಮ್ಯಾಲ ಕಟ್ಟಿದ್ದು, ಬರೇ ಹ್ಯಾಂಗ ಬಿಡ್ಲಿ ಅಣ್ಣಾ?" ಎಂದಳು. "ಲಿಂಗದ ಮಗ್ಗಲಕ ಬಂದದ. ಧೂಳ ಕೂಡಬಾರದು, ಎಂಜಲ ಸಿಡಿಬಾರದು. ಹೋದ ಸಲಾನೂ ಹಿಂಗೇ ಕಟ್ಟಿದ್ದೆ. ಸಂಜೀಕ ನೀವು ಬರೂದ್ರಾಗ ಬಿಚ್ಚಿ, ಒರಸಿ ಇಟ್ಟಿದ್ದೆ. ಚೊಕ್ಕ ಇಟ್ಟೀಯಂತ ನೀವೇ ಅಂದ್ರಲ್ಲ."

ಕುಪ್ಪಸದ ಮೇಲೆ ಅವಳ ಲಿಂಗ ತೂಗುತ್ತಿತ್ತು, ಅಂಥದೇ ಬಿಳಿ ಅರಿವೆಯಲ್ಲಿ. ನನ್ನ ಅಂಗಿಯೊಳಗೂ ಒಂದು ತೂಗುತ್ತಿದೆ. ಹುಟ್ಟಿದ ವಾರದಲ್ಲಿ ಕಟ್ಟಿದ್ದು, ಐವತ್ತೆರಡು ವರ್ಷವಾಯಿತು. ನನ್ನ ತಾಯಿ ರಾಶಿಯ ಕಣಕ್ಕೆ ಹೋಗುವಾಗ, ಹಗೇವಿನಿಂದ ಜೋಳ ತೆಗೆಯುವಾಗ ಲಿಂಗದ ಮೇಲೆ ಇನ್ನೊಂದು ಅರಿವೆ ಸುತ್ತಿಕೊಳ್ಳುತ್ತಿದ್ದಳು. ಡಾಕ್ಟರಿಗೆ ಗೊತ್ತಿರಲಿಲ್ಲ ಎಂದರೆ ಒಪ್ಪಬಹುದು. ನಮ್ಮವಳೊಬ್ಬಳ ಎದೆಗೆ ಏನಾದರೂ ಕಟ್ಟಿ ಜೋಪಾನ ಎಂದರೆ ಅವಳು ಏನು ಮಾಡುತ್ತಾಳೆಂದು ನನಗೆ ಹೊಳೆಯಬೇಕಿತ್ತು. ಬಟ್ಟೆಯೊಳಗೆ ಕೂತ ಯಂತ್ರ ಧೂಳಿಲ್ಲ ಎಂದಿತ್ತು, ಅದರಿಂದ ಹತ್ತು ತಿಂಗಳು ನೀರು ಬರಲಿಲ್ಲ, ಆ ಹತ್ತು ತಿಂಗಳೂ ಕಾಶೀನಾಥ ಒಣಕಲ್ಲು ಕೊಯ್ದ.

"ಭಾಗವ್ವ, ಇದು ಧೂಳ ಕುಡೀಬೇಕು" ಎಂದೆ. "ಎಷ್ಟು ಧೂಳ ಕುಡೀತದ, ಅಷ್ಟು ಹೂಂ ಅಂತದ. ಬಾಯಿ ಕಟ್ಟಿದ್ರ ಹ್ಯಾಂಗ ಕುಡೀಬೇಕು?"

ಅವಳ ಕೈ ಗಂಟಿನ ಮೇಲೆಯೇ ನಿಂತಿತು. ಅರ್ಥವಾಗಲು ಬಹಳ ಹೊತ್ತು ಹಿಡಿಯಲಿಲ್ಲ.

"ಅಂದ್ರ... ನೀರ ಬರಲಾರದಂಗ ನಾನೇ ಮಾಡಿದ್ನಾ?"

ಅಲ್ಲ, ನಾನು ಮಾಡಿದೆ, ಚಹಾ ಕುಡಿಯುತ್ತ ಕೂತು ಏಳು ಸುಳ್ಳು ಗುರುತು ಹಾಕಿದೆ ಎನ್ನಬೇಕಿತ್ತು. ಬಾಯಿಗೆ ಬಂದದ್ದು, "ನಿನಗ ಗೊತ್ತಿರಲಿಲ್ಲ, ಬಿಡು" ಎಂಬ ಮಾತು. ಹಾಗೆ ಹೇಳಿದರೆ ತಪ್ಪು ಅವಳದೇ ಎಂದು ಒಪ್ಪಿಸಿದಂತೆ. ಅವಳು ಒಪ್ಪಿಕೊಂಡಳು. ಅಳಲಿಲ್ಲ. ಡಬ್ಬಿಯ ಅರಿವೆ ಬಿಚ್ಚಿದಳು. ಆಮೇಲೆ ತನ್ನ ಮೂಗು ಬಾಯಿಗೆ ಸುತ್ತಿದ್ದ ಅರಿವೆಯನ್ನೂ ಬಿಚ್ಚಿ ಎರಡನ್ನೂ ಬುತ್ತಿಗಂಟಿಗೆ ತುರುಕಿದಳು.

"ನಿನ್ನ ಮುಖಕ್ಕ ಇರಲಿ ತಂಗಿ, ಅದಕ್ಕೂ ಮಷೀನಿಗೂ ಸಂಬಂಧ ಇಲ್ಲ."

"ಇರಲಿ ಬಿಡ್ರಿ. ಮತ್ತ ಏನಾರ ಅಡ್ಡ ಬಂದೀತು" ಎಂದಳು.

ಕಾಶೀನಾಥ ಕಟರು ಚಾಲೂ ಮಾಡಿದ. ಭಾಗವ್ವ ದಿನದ ಜಾಗಕ್ಕೆ ಹೋಗಿ ಕಲ್ಲಿನ ತುದಿ ಹಿಡಿಯಲಿಲ್ಲ. ಚಕ್ರದ ಪಕ್ಕದಲ್ಲಿ, ಒಂದು ಮೊಳ ದೂರದಲ್ಲಿ ಕುಕ್ಕರಗಾಲಿನಲ್ಲಿ ಕೂತು ಎದೆ ಮುಂದೆ ಮಾಡಿದಳು. ಧೂಳು ನೇರ ಅವಳ ಮುಖಕ್ಕೆ ಬರುತ್ತಿತ್ತು. ಕೆಮ್ಮು ಬಂದರೆ ಮುಖ ತಿರುಗಿಸಿ ಕೆಮ್ಮಿ, ಮತ್ತೆ ಅಲ್ಲೇ ಕೂರುತ್ತಿದ್ದಳು. "ಅಕ್ಕಾ, ಹಿಂದ ಸರಿ!" ಎಂದು ಕಾಶೀನಾಥ ನಾಲ್ಕಾರು ಸಲ ಕೂಗಿದ. "ನೀ ಕೊಯ್ಯಿ" ಎಂದು ಗದರಿದಳು.

ನಾನು ಕೂಗಲಿಲ್ಲ. ಇದನ್ನು ಮುಚ್ಚಿಡಲಾರೆ. ಎಂಟು ತಾಸು ಅವಳು ಅಲ್ಲಿ ಕೂತದ್ದನ್ನು ನೋಡುತ್ತ ಕೂತೆ, ಎದ್ದೇಳು ತಂಗಿ ಎನ್ನಲಿಲ್ಲ. ಹಾಳೆಯ ಮೇಲೆ ಧೂಳು ಕೂರಬೇಕೆಂದು ನನಗೂ ಆಸೆಯಿತ್ತು. ಕಾಶೀನಾಥನ ಮೂಗು ದಿನವೂ ಇರುವ ಜಾಗ ಅದೇ ಅಲ್ಲವೇ, ಅಂದಮೇಲೆ ಲೆಕ್ಕ ಸುಳ್ಳಾಗುವುದಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ನನ್ನ ಫಾರ್ಮಿನ ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು: ಕಾರ್ಮಿಕರು ದಿನದ ಜಾಗದಲ್ಲೇ, ದಿನದ ಹಾಗೆಯೇ ಕೆಲಸ ಮಾಡಿದರೇ? ಹೌದು ಎಂದು ಗುರುತು ಹಾಕಿದೆ. ಸಂಜೆ ಡಬ್ಬಿ ಬಿಚ್ಚಿಕೊಂಡಾಗ ಒಳಗಿನ ಬಿಳಿ ಹಾಳೆ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಭಾಗವ್ವ ಇಣುಕಿ ನೋಡಿ, "ಸಾಕಾದೀತಾ ಅಣ್ಣಾ?" ಎಂದಳು.

ಸಾಕಾಯಿತು. ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು ಬಂತು. ಹಳೆಯ ಲೆಕ್ಕ ಯಾಕೆ ಕಡಿಮೆ ಬಂತೆಂದು ಉಮಾಶ್ರೀಯವರಿಗೆ ವಿವರಿಸಬೇಕಾಯಿತು. ಅರಿವೆಯ ವಿಷಯ ಹೇಳಿದೆ, ಚಹಾದಂಗಡಿಯ ವಿಷಯ ಹೇಳಲಿಲ್ಲ. ವರದಿಯಲ್ಲಿ, 'ಕಾರ್ಮಿಕ ಮಹಿಳೆಯ ತಿಳಿವಳಿಕೆಯ ಕೊರತೆಯಿಂದ ಮೊದಲ ಸುತ್ತಿನ ಅಳತೆ ಕೈಬಿಡಲಾಗಿದೆ' ಎಂಬ ಸಾಲು ಸೇರಿತು. ಅದನ್ನು ಟೈಪು ಮಾಡಿದ್ದೂ ನಾನೇ.

ಶೇಠ್ ಇನ್ನೂ ಎರಡು ತಿಂಗಳು ಎಳೆದಾಡಿ, ಕಾರ್ಖಾನೆ ನಿರೀಕ್ಷಕರಿಗೆ ದೂರು ಹೋಗುತ್ತದೆಂದು ಡಾಕ್ಟರ್ ಖಡಾಖಂಡಿತ ಹೇಳಿದ ಮೇಲೆ ನೀರು ಹಾಕಿಸಿದ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರಂತೆ, ಹಾಗಾಯಿತು. ಮಾಘ ಮಾಸದಲ್ಲಿ ಉಳಿದ ಕೂಲಿಗಳ ತಪಾಸಣೆಗೆ ಎಕ್ಸ್‌-ರೇ ವ್ಯಾನಿನ ಜೊತೆ ನಾನು ಮತ್ತೆ ಕನ್ನಡಕ್ಕೆ ಹೋದೆ. ಭಾಗವ್ವ ಓಡಿ ಬಂದು ನನ್ನ ಕೈ ಹಿಡಿದು ಪರದೆಯ ಒಳಗೆ ಎಳೆದುಕೊಂಡು ಹೋದಳು. ಎತ್ತರದಲ್ಲಿ ಡ್ರಮ್ಮು, ಅದರಿಂದ ಸಣ್ಣ ನಳಿಗೆ, ಚಕ್ರದ ಮೇಲೆ ಸಣ್ಣಗೆ ನೀರು. ಕೆಂಪು ಕೆಸರು ಕಾಲುವೆಯಲ್ಲಿ ಹರಿದು ಹೋಗುತ್ತಿತ್ತು.

"ನೋಡ್ರಿ, ನೋಡ್ರಿ ಅಣ್ಣಾ! ಒಂದು ಕಣ ಏಳಂಗಿಲ್ಲ!"

ಕಟರು ಹಿಡಿದಿದ್ದವನು ಕಾಶೀನಾಥನಲ್ಲ, ಹೊಸ ಆಳು. ಕಾಶೀನಾಥ ಹಿಂದಿನ ತಗಡಿನ ಖೋಲಿಯಲ್ಲಿ ಗೋಡೆಗೆ ದಿಂಬು ಒರಗಿಸಿ ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತದೆಂದು ಹದಿನೈದು ದಿನದಿಂದ ಕೂತೇ ಇದ್ದಾನಂತೆ. ಇಪ್ಪತ್ತೆಂಟು ವರ್ಷದ ಹುಡುಗ, ಹೆಗಲ ಎಲುಬು ಎಣಿಸಬಹುದಿತ್ತು.

"ನೀರ ಬಂದು ಎಂಟು ದಿನ ಆಯ್ತು. ಇನ್ನ ಎಷ್ಟು ದಿನದಾಗ ಇಂವ ಎದ್ದು ಅಡ್ಡ್ಯಾಡ್ತಾನ್ರಿ?" ಎಂದು ಭಾಗವ್ವ ಕೇಳಿದಳು. "ಧೂಳ ನಿಲ್ಲೂದೇ ದೊಡ್ಡ ಔಷಧ ಅಂತ ಡಾಕ್ಟರಬಾಯಿ ಅಂದಿದ್ರಲ್ಲ."

ಡಾಕ್ಟರಬಾಯಿ ಅಂದಿರಲಿಲ್ಲ. ಉತ್ತರ ಕೊಟ್ಟವನು ಕಾಶೀನಾಥ. ಎರಡು ಮಾತಿಗೊಮ್ಮೆ ಉಸಿರೆಳೆಯುತ್ತ, "ಯುಗಾದಿ ತನಕಾ ಆಗ್ತದಂತ ಅಕ್ಕಾ... ಹೇಳ್ರಿ ಮಾಮಾ" ಎಂದ.

"ಹೂಂ. ಯುಗಾದಿ ತನಕಾ" ಎಂದೆ.

ಅವಳು ಅಲ್ಲೇ ನಿಂತು ಎದೆಯ ಮೇಲಿನ ಲಿಂಗ ಹಿಡಿದು ಕಣ್ಣು ಮುಚ್ಚಿದಳು. ನನಗೆ ಚಹಾ ತರುತ್ತೇನೆಂದು ಹೊರಗೆ ಹೋದಳು. ಗೋಡೆಯಾಚೆ ಅವಳು ಕೆಮ್ಮುವುದು ಕೇಳಿಸಿತು.

"ಡಾಕ್ಟರಬಾಯಿ ಅವತ್ತ ಮರಾಠಿಯೊಳಗ ಅಂದಿದ್ದೆಲ್ಲ ನನಗ ತಿಳದಿತ್ತು, ಮಾಮಾ" ಎಂದ ಕಾಶೀನಾಥ. "ನಾ ಮರಾಠಿ ಸಾಳಿಯೊಳಗ ಓದಿದಾಂವ. ನೀವು ಅಕ್ಕಗ ಅರ್ಧಾ ಹೇಳಿದ್ರಿ. ಛಲೋ ಆತು, ನಾನೂ ಸುಮ್ನಿದ್ದೆ." ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. "ನಂದು ಬಿಡ್ರಿ. ಅಕ್ಕಂದೊಂದು ಎದಿ ಫೋಟೋ ತೆಗೀರಿ. ಮಷೀನ್ ಕಟ್ಟಿದ ದಿನದಿಂದ ಆ ಕೆಮ್ಮು ನಿಂತಿಲ್ಲ. ಏನಾರ ಕಂಡ್ರ ಅಕಿಗಿ ಹೇಳಬ್ಯಾಡ್ರಿ, ನನಗ ಹೇಳ್ರಿ."

ಒಂದು ದಿನದ ಧೂಳಿಗೆ ಹಾಗಾಗುವುದಿಲ್ಲ, ಒಂಬತ್ತು ವರ್ಷದ ಧೂಳು ಅವಳಲ್ಲಿ ಮೊದಲೇ ಇತ್ತು ಎಂದು ನಾನು ಅವನಿಗೆ ಹೇಳಬಹುದಿತ್ತು. ಹೇಳಿದ್ದರೆ ಅವನಿಗೆ ಸಮಾಧಾನವಾಗುತ್ತಿರಲಿಲ್ಲ, ನನಗೂ ಆಗಿಲ್ಲ.

ಚಹಾ ತಂದವಳನ್ನು ವ್ಯಾನಿಗೆ ಕರೆದುಕೊಂಡು ಹೋದೆ. "ನನಗೇನಾಗ್ಯಾದ್ರಿ?" ಎಂದು ನಗುತ್ತಲೇ ಬಂದಳು. ತಟ್ಟೆಗೆ ಎದೆ ಒತ್ತಿ ನಿಲ್ಲಿಸಿದೆ. "ಜೋರಾಗಿ ಉಸುರು ಎಳಕೋ ತಂಗಿ, ಹಿಡಕೋ, ಅಲುಗಬ್ಯಾಡ" ಎಂದೆ. ಎಳೆದುಕೊಂಡಳು, ಹಿಡಿಯುವ ಮೊದಲೇ ಕೆಮ್ಮು ಬಂತು. ಇನ್ನೊಮ್ಮೆ ಎಳೆದಳು, ಇನ್ನೊಮ್ಮೆ ಕೆಮ್ಮಿದಳು. ಮೂರನೇ ಸಲ ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಮುಷ್ಟಿ ಬಿಗಿಹಿಡಿದು, ಮುಖ ಕೆಂಪಾಗುವ ತನಕ ತಡೆದುಕೊಂಡು ನಿಂತಳು. ಫೋಟೋ ಬಂತು. ಬಾಗಿಲು ತೆರೆದ ಕೂಡಲೇ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ನನ್ನ ಮುಖ ನೋಡಿದಳು.

"ಈ ಸಲ ಸರಿ ಮಾಡಿದ್ನಾ, ಅಣ್ಣಾ?"

"ಸರಿ ಮಾಡಿದಿ ತಂಗಿ" ಎಂದೆ.